ಸೈಕಲ್ಲೂ ವಿಮಾನ ಹತ್ತಲಿ?

ಎಂಎಸ್ ಓದಲು, ಕೆಲಸಕ್ಕೆ ಅಂತ ವಿದೇಶಕ್ಕೆ ಹೊರಟವರಿಗೆಲ್ಲ ಸಿಗುವ ಸಲಹೆ ಒಂದೇ: ‘ಸೈಕಲ್ ಮಾರಿಬಿಡು, ಅಲ್ಲೇ ತಗೊಂಡರಾಯ್ತು’. ಆದರೆ ರವಿವಾರ ಬೆಳಗಾವಿಯಿಂದ ಖಾನಾಪುರದವರೆಗೆ ಅದನ್ನೇ ತುಳಿದವರಿಗೆ ಮಾರಲು ಮನಸ್ಸು ಬರುವುದಿಲ್ಲ. ಹೋದ ಹೊಸದರಲ್ಲಿ ಕೈಯಲ್ಲಿ ದುಡ್ಡೂ ಬಿಗಿ. ಸೈಕಲ್ ಇದ್ದರೆ ಬಸ್ಸಿನ ಖರ್ಚು ಉಳಿಯುತ್ತದೆ.

ಮೊದಲು ತೂಕ ನೋಡಿ. ವಿಮಾನದಲ್ಲಿ ಒಂದು ಬ್ಯಾಗಿಗೆ ಸಾಮಾನ್ಯವಾಗಿ 23 ಕೆ.ಜಿ. ಮಿತಿ. 2006–07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಎಂಟನೇ ತರಗತಿಯಲ್ಲಿ ಸಿಕ್ಕಂಥ ಕಬ್ಬಿಣದ ಸೈಕಲ್ಲೊಂದೇ ಅದನ್ನು ಹೆಚ್ಚುಕಡಿಮೆ ತುಂಬಿಬಿಡುತ್ತದೆ. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಎಲ್ಲಿಡುತ್ತೀರಿ? ಅಂಥದ್ದನ್ನು ತಂಗಿಗೆ ಬಿಟ್ಟುಹೋಗಿ. ಹಗುರ ಗೇರ್ ಸೈಕಲ್ಲಾದರೆ ಮಾತು ಬೇರೆ; ಟಿಕೆಟ್ ತೆಗೆಸುವ ಮೊದಲೇ ಶುಲ್ಕ ಕೇಳಿಕೊಳ್ಳಿ.

ಸಾಂಬ್ರಾದಿಂದ ನೇರ ವಿದೇಶಕ್ಕೆ ವಿಮಾನವಿಲ್ಲ. ರೈಲಿನಲ್ಲಿ ಮುಂಬೈಗೋ ಬೆಂಗಳೂರಿಗೋ ಒಯ್ಯುವುದಾದರೆ, ಖಾನಾಪುರದಲ್ಲಿ ಗಾಡಿ ನಿಲ್ಲುವ ಒಂದೆರಡು ನಿಮಿಷದಲ್ಲಿ ಹತ್ತಿಸುವುದು ಕಷ್ಟ. ಬೆಳಗಾವಿ ನಿಲ್ದಾಣದಲ್ಲೇ ಲಗೇಜ್ ಬುಕ್ ಮಾಡಿ, ರಸೀದಿ ಜೋಪಾನವಾಗಿಡಿ. ಹೊಸ ಸೈಕಲ್ ಬಂದ ಖಾಲಿ ರಟ್ಟಿನ ಡಬ್ಬಿ ಅಂಗಡಿಯವರಲ್ಲಿ ಕೇಳಿದರೆ ಸಿಗುತ್ತದೆ. ಹ್ಯಾಂಡಲ್ ತಿರುಗಿಸಿ, ಗಾಳಿ ಇಳಿಸಿ, ಪೆಡಲ್ ಬಿಚ್ಚಿ. ಎಡಗಡೆಯ ಪೆಡಲ್ ಮಾತ್ರ ಉಲ್ಟಾ ತಿರುಗುತ್ತದೆ, ಜೋರು ಮಾಡಿ ಥ್ರೆಡ್ ಕೆಡಿಸಬೇಡಿ.

ಆಸ್ಟ್ರೇಲಿಯಾ, ನ್ಯೂಜಿಲೆಂಡಿಗಾದರೆ ಟೈರಿಗೆ ಮೆತ್ತಿದ ಖಾನಾಪುರದ ಕೆಂಪು ಮಣ್ಣು ಒಂದಿಷ್ಟೂ ಉಳಿಯದಂತೆ ಬ್ರಷ್ ಹಾಕಿ ತೊಳೆಯಿರಿ. ಮಣ್ಣಿನ ಜೊತೆ ರೋಗ, ಬೀಜ ಬಂದೀತೆಂದು ಅಲ್ಲಿ ತಪಾಸಣೆ ಕಟ್ಟುನಿಟ್ಟು. ಜರ್ಮನಿಯಲ್ಲಿ ಬೆಲ್, ದೀಪ, ಎರಡು ಬ್ರೇಕ್ ಕಡ್ಡಾಯ. ನೆದರ್‌ಲೆಂಡ್ಸ್‌ಗೆ ಮಾತ್ರ ಒಯ್ಯುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ: ಹಳೇ ಸೈಕಲ್ ಅಲ್ಲಿ ಬೇಕಾದಷ್ಟು ಸಿಗುತ್ತವೆ, ಕಳ್ಳರೂ ಅಷ್ಟೇ ಇದ್ದಾರೆ.