ಬ್ಯಾಂಡ್ ಸಾ ಬ್ಲೇಡು ತುಂಡಾಗುವುದೇಕೆ?

ಸಾಮಿಲ್ಲಿನಲ್ಲಿ ಬ್ಯಾಂಡ್ ಸಾ ಬ್ಲೇಡು ತುಂಡಾದರೆ ಮೊದಲು ತಪ್ಪು ಹೊರುವುದು ಮರ. ದಿಮ್ಮಿಯೊಳಗೆ ಮೊಳೆ ಇತ್ತು, ಗಂಟಿತ್ತು, ಮತ್ತಿ ಮರ ವಿಪರೀತ ಗಟ್ಟಿ ಎನ್ನುತ್ತಾರೆ. ಮೊಳೆ ತಾಗಿದರೆ ಹಲ್ಲು ಹೋಗುವುದು ನಿಜ. ಆದರೆ ಪಟ್ಟಿ ಅಡ್ಡಡ್ಡವಾಗಿ ಸೀಳಿಹೋಗಲು ಬಹುಪಾಲು ಕಾರಣ, ಅದು ದಿನವಿಡೀ ಬಾಗಿ ನೆಟ್ಟಗಾಗುತ್ತಿರುವುದು.

ಒಂದು ಲೆಕ್ಕ ನೋಡಿ. ಎರಡು ಚಕ್ರಗಳ ವ್ಯಾಸ 900 ಮಿಲಿಮೀಟರ್, ಬ್ಲೇಡಿನ ಉದ್ದ 7 ಮೀಟರ್, ಚಕ್ರಗಳು ನಿಮಿಷಕ್ಕೆ 600 ಸುತ್ತು ತಿರುಗುತ್ತಿವೆ ಎನ್ನೋಣ. ಬ್ಲೇಡು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಅದರ ಪ್ರತಿ ಬಿಂದುವೂ ಸೆಕೆಂಡಿಗೆ ಎಂಟು ಸಲ, ಗಂಟೆಗೆ ಸುಮಾರು 29,000 ಸಲ ಚಕ್ರದ ಮೇಲೆ ಬಾಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಉಕ್ಕು ದಣಿಯುವ ಬಗೆ ಇಲ್ಲೂ ಅದೇ. ಬಾಗುವಾಗ ಹೊರಮೈ ಎಷ್ಟು ಹಿಗ್ಗುತ್ತದೆ ಎಂಬುದು ಬ್ಲೇಡಿನ ದಪ್ಪಕ್ಕೂ ಚಕ್ರದ ವ್ಯಾಸಕ್ಕೂ ಇರುವ ಅನುಪಾತದ ಮೇಲೆ ನಿಂತಿದೆ. ಹಾಗಾಗಿಯೇ ದಪ್ಪವು ವ್ಯಾಸದ ಸಾವಿರದಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿರಲಿ ಎಂಬ ರೂಢಿ ಬಂದಿದೆ. ಚಿಕ್ಕ ಚಕ್ರಕ್ಕೆ ದಪ್ಪ ಬ್ಲೇಡು ಹಾಕಿದರೆ ಅದು ಬಾಳುವುದಿಲ್ಲ.

ಬಿರುಕು ಹುಟ್ಟುವ ಜಾಗವೂ ಗೊತ್ತಿರುವಂಥದ್ದೇ: ಎರಡು ಹಲ್ಲುಗಳ ನಡುವಿನ ತಗ್ಗು. ಹೊಟ್ಟನ್ನು ಹೊತ್ತು ಹೊರಗೆ ಹಾಕುವುದು ಈ ತಗ್ಗೇ. ಅದರ ತಳ ದುಂಡಗಿದ್ದರೆ ಎಳೆತ ಹರಡಿಕೊಳ್ಳುತ್ತದೆ. ಸಾಣೆ ಹಿಡಿಯುವಾಗ ಅಲ್ಲಿ ಚೂಪು ಮೂಲೆ ಉಳಿದರೆ ಎಳೆತವೆಲ್ಲ ಆ ಮೂಲೆಗೇ ಬಂದು ನಿಲ್ಲುತ್ತದೆ. ಸಾಣೆಕಲ್ಲನ್ನು ಒತ್ತಿ ಹಿಡಿದು ಉಕ್ಕು ನೀಲಿಗಟ್ಟಿತೋ, ಮೇಲ್ಪದರ ಪೆಡಸಾಗಿ ಬಿರುಕು ಇನ್ನೂ ಬೇಗ ಬರಬಹುದು. ಹಗುರಾಗಿ, ಹಲವು ಸಲ ಸಾಣೆ ಹಿಡಿಯುವುದೇ ಸರಿ. ಹೀಗೆ ತಗ್ಗನ್ನೂ ತುಸು ಸವೆಸಿದರೆ, ಕಣ್ಣಿಗೆ ಕಾಣದ ಎಳೆ ಬಿರುಕುಗಳೂ ಹಲ್ಲಿನ ಜೊತೆಗೇ ಹೋಗುತ್ತವೆ. ಆದ್ದರಿಂದ ಬ್ಲೇಡು ಪೂರ್ತಿ ಮೊಂಡಾಗುವವರೆಗೆ ಕಾಯುವುದು ಉಳಿತಾಯವಲ್ಲ.

ಇನ್ನು ಶಾಖ. ಮರ ಕೊಯ್ಯುವಾಗ ಹಲ್ಲಿನ ಅಂಚು ಹೆಚ್ಚು ಬಿಸಿಯಾಗಿ ಉದ್ದವಾಗುತ್ತದೆ, ಸಡಿಲವಾಗುತ್ತದೆ, ಕೊಯ್ತ ಅಂಕುಡೊಂಕಾಗುತ್ತದೆ. ಅಗಲ ಬ್ಲೇಡುಗಳಿಗೆ ಅನುಭವಿ ಸಾ ಡಾಕ್ಟರ್, ಅಂದರೆ ಬ್ಲೇಡು ಹದಗೊಳಿಸುವ ಕಸುಬುದಾರ, ಮಾಡುವ ಉಪಾಯ ನನಗೆ ಈ ಕಸುಬಿನ ಅತಿ ಸುಂದರ ಭಾಗವೆನಿಸುತ್ತದೆ. ರೋಲರ್ ಹಾಯಿಸಿ ಪಟ್ಟಿಯ ನಡುಭಾಗವನ್ನು ಮೊದಲೇ ಕೂದಲೆಳೆಯಷ್ಟು ಹಿಗ್ಗಿಸಿಡುತ್ತಾರೆ. ಆಗ ಅಂಚುಗಳು ಬಿಗಿಯಾಗಿರುತ್ತವೆ, ಬಿಸಿಯಾದರೂ ಜೋಲುವುದಿಲ್ಲ. ಹಲ್ಲುಗಳನ್ನು ಎಡಬಲಕ್ಕೆ ಸಮನಾಗಿ ಬಾಗಿಸಿ ಸೆಟ್ ಮಾಡುವುದೂ ಉಜ್ಜಾಟ ತಗ್ಗಿಸುತ್ತದೆ. ಒಂದು ಕಡೆ ಹೆಚ್ಚಾದರೆ ಬ್ಲೇಡು ಆ ಕಡೆಗೇ ಎಳೆಯುತ್ತದೆ.

ಬಿಸಿಗೆ ಹಿಗ್ಗಿದ ಬ್ಲೇಡು ಸಂಜೆ ತಣ್ಣಗಾದಾಗ ಕುಗ್ಗಲೇಬೇಕು. 20 ಡಿಗ್ರಿ ಇಳಿದರೆ 7 ಮೀಟರ್ ಪಟ್ಟಿ ಸುಮಾರು ಒಂದೂವರೆ ಮಿಲಿಮೀಟರ್ ಕುಗ್ಗುತ್ತದೆ. ಸ್ಕ್ರೂ ತಿರುಗಿಸಿ ಬಿಗಿ ಮಾಡುವ ಯಂತ್ರದಲ್ಲಿ ಆ ಎಳೆತವನ್ನೆಲ್ಲ ರಾತ್ರಿಯಿಡೀ ಬ್ಲೇಡು, ಬೇರಿಂಗುಗಳೇ ತಡೆದುಕೊಳ್ಳಬೇಕು. ಕೆಲಸ ಮುಗಿದ ಮೇಲೆ ಸ್ಕ್ರೂ ಸಡಿಲಿಸಿ, ಅಂಟಿದ ರಾಳ ಒರೆಸಿಡಿ. ಬೆಳಗ್ಗೆ ಮತ್ತೆ ಬಿಗಿದು, ಮೊದಲು ಚಕ್ರವನ್ನು ಕೈಯಲ್ಲಿ ತಿರುಗಿಸಿ ಪಟ್ಟಿ ತನ್ನ ಜಾಗದಲ್ಲೇ ಓಡುತ್ತಿದೆಯೇ ನೋಡಿ.

ಬಿರುಕು ಕಂಡ ಬ್ಲೇಡನ್ನು ಇವತ್ತೊಂದು ದಿನ ನಡೆಯಲಿ ಎಂದು ಓಡಿಸಬೇಡಿ. ಅದು ತುಂಡಾಗುವ ಗಳಿಗೆಯಲ್ಲಿ ಪಕ್ಕದಲ್ಲಿ ನಿಂತಿರುವುದು ದಿಮ್ಮಿ ತಳ್ಳುವ ಕೆಲಸಗಾರ.