ತೈಲಾಗಾರಗಳಲ್ಲಿ ಬೆಸುಗೆ ಕಾರ್ಯ ಮತ್ತು ದಹನಶೀಲ ಆವಿ: ಸುರಕ್ಷತೆಯ ಮೂಲತತ್ತ್ವಗಳು

ಕಚ್ಚಾತೈಲವನ್ನು ಭೂಗರ್ಭದಿಂದ ಎತ್ತುವ ಬಾವಿಯಿಂದ ಮೊದಲ್ಗೊಂಡು ಪೆಟ್ರೋಲನ್ನು ಊರೂರಿಗೆ ಸಾಗಿಸುವ ಟ್ಯಾಂಕರಿನವರೆಗೆ ತೈಲೋದ್ಯಮದ ವ್ಯವಸ್ಥೆಯೆಲ್ಲ ಬಹುಮಟ್ಟಿಗೆ ಉಕ್ಕಿನಿಂದಲೇ ನಿರ್ಮಿತವಾದುದು. ಉಕ್ಕು ತುಕ್ಕು ಹಿಡಿಯುತ್ತದೆ, ಸವೆಯುತ್ತದೆ, ಬಿರುಕು ಬಿಡುತ್ತದೆ. ಆದುದರಿಂದ ಬೆಸುಗೆ ಈ ಉದ್ಯಮದಲ್ಲಿ ಅನಿವಾರ್ಯವಾದ ನಿತ್ಯದ ಕೆಲಸ. ಆದರೆ ತೈಲವಿರುವಲ್ಲಿ ಆವಿಯಿರುತ್ತದೆ; ಬೆಸುಗೆಯಿರುವಲ್ಲಿ ಕಿಡಿಯಿರುತ್ತದೆ. ಇವೆರಡೂ ಸಂಧಿಸದಂತೆ ನೋಡಿಕೊಳ್ಳುವುದೇ ಇಲ್ಲಿನ ಸುರಕ್ಷತೆಯ ಸಾರ. ಬೆಸುಗೆ, ಲೋಹ ಕತ್ತರಿಸುವಿಕೆ, ಉಜ್ಜುಗಲ್ಲಿನ ಕೆಲಸ ಮೊದಲಾದುವನ್ನು ಒಟ್ಟಾಗಿ ‘ಹಾಟ್ ವರ್ಕ್’ ಎಂದು ಉದ್ಯಮದ ಪರಿಭಾಷೆಯಲ್ಲಿ ಕರೆಯಲಾಗುತ್ತದೆ. ಈ ಕಾರ್ಯಗಳಲ್ಲಿ ಸಂಭವಿಸಿದ ಕೆಲವು ದುರಂತಗಳ ಹಿನ್ನೆಲೆಯಲ್ಲಿ ಸುರಕ್ಷತಾ ನಿಯಮಗಳ ವೈಜ್ಞಾನಿಕ ಆಧಾರವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆವಿಯ ಸ್ವಭಾವ

ಉರಿಯುವುದು ದ್ರವವಲ್ಲ, ಅದರಿಂದ ಹೊಮ್ಮುವ ಆವಿ. ಆ ಆವಿಯೂ ಗಾಳಿಯೊಡನೆ ನಿರ್ದಿಷ್ಟ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಉರಿಯುತ್ತದೆ. ಪೆಟ್ರೋಲಿನ ವಿಷಯದಲ್ಲಿ ಈ ಪ್ರಮಾಣ ಸುಮಾರು ಶೇ. 1.4ರಿಂದ ಶೇ. 7.6ರವರೆಗೆ ಇರುತ್ತದೆ. ಮೊದಲನೆಯದು ಕೆಳಗಿನ ಸ್ಫೋಟಮಿತಿ, ಎರಡನೆಯದು ಮೇಲಿನ ಸ್ಫೋಟಮಿತಿ. ಹತ್ತು ಸಾವಿರ ಲೀಟರಿನ ತೊಟ್ಟಿಯೊಂದು ಕೆಳಗಿನ ಮಿತಿಯನ್ನು ಮುಟ್ಟಲು ಒಂದು ಲೀಟರಿಗೂ ಕಡಿಮೆ ಪೆಟ್ರೋಲು ಆವಿಯಾದರೆ ಸಾಕು ಎಂಬುದನ್ನು ಸರಳ ಲೆಕ್ಕಾಚಾರದಿಂದ ಕಂಡುಕೊಳ್ಳಬಹುದು. ತುಂಬಿದ ತೊಟ್ಟಿಗಿಂತ ‘ಖಾಲಿ’ ತೊಟ್ಟಿಯೇ ಹೆಚ್ಚು ಅಪಾಯಕಾರಿಯಾಗಬಹುದು ಎಂಬ ಮಾತಿನ ಅರ್ಥ ಇದೇ. ತುಂಬಿದ ತೊಟ್ಟಿಯಲ್ಲಿ ಗಾಳಿಗೆ ಎಡೆ ಕಡಿಮೆ. ಬರಿದಾದ ತೊಟ್ಟಿಯಲ್ಲಿ ಗೋಡೆಗಂಟಿದ ಪಸೆಯೂ ತಳದ ಕೆಸರೂ ಗಾಳಿಯೊಡನೆ ಸ್ಫೋಟಕ ಮಿಶ್ರಣವನ್ನು ಉಂಟುಮಾಡಬಲ್ಲವು.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದು. ಅದು ಮೇಲೇರಿ ಚದುರುವ ಬದಲು ನೆಲದ ಮೇಲೆ ಹರಿದು ಚರಂಡಿ, ಗುಂಡಿ, ಕೊಳವೆಯ ಕಾಲುವೆಗಳಲ್ಲಿ ತಂಗುತ್ತದೆ. ಹೀಗೆ ಹರಿದ ಆವಿಗೆ ದೂರದಲ್ಲಿ ಕಿಡಿ ತಗುಲಿದರೂ ಜ್ವಾಲೆ ಅದರ ಜಾಡನ್ನೇ ಹಿಡಿದು ಮೂಲಸ್ಥಾನಕ್ಕೆ ಹಿಂದಿರುಗಬಲ್ಲದು. ಡೀಸೆಲಿನಂತಹ ಭಾರವಾದ ತೈಲಗಳು ಸಾಮಾನ್ಯ ಉಷ್ಣತೆಯಲ್ಲಿ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ ನಿಜ. ಆದರೆ ಆಕ್ಸಿ-ಅಸಿಟಿಲೀನ್ ಜ್ವಾಲೆಯ ಉಷ್ಣತೆ 3,000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಅದು ತಾಗಿದ ತಗಡಿನ ಒಳಮೈಯಲ್ಲಿರುವ ಭಾರವಾದ ತೈಲವೂ ಆವಿಯಾಗುತ್ತದೆ.

ರಾಲಿ ತೈಲಕ್ಷೇತ್ರದ ದುರಂತ

ಅಮೆರಿಕದ ಮಿಸಿಸಿಪಿ ರಾಜ್ಯದ ರಾಲಿ ಎಂಬಲ್ಲಿನ ತೈಲಕ್ಷೇತ್ರದಲ್ಲಿ 2006ರ ಜೂನ್ 5ರಂದು ಸಂಭವಿಸಿದ ಸ್ಫೋಟ ಈ ವಿಷಯದ ಅಧ್ಯಯನಕ್ಕೆ ಅತ್ಯಂತ ಬೋಧಪ್ರದವಾದುದು. ಸಾಲಾಗಿದ್ದ ತೊಟ್ಟಿಗಳ ನಡುವೆ ಕೊಳವೆಯನ್ನು ಜೋಡಿಸುವ ಕೆಲಸಕ್ಕಾಗಿ ಗುತ್ತಿಗೆ ಕಾರ್ಮಿಕರು ಬಂದಿದ್ದರು. ಬೆಸುಗೆ ನಡೆಯಬೇಕಿದ್ದ ನಾಲ್ಕನೆಯ ತೊಟ್ಟಿಯನ್ನು ನೀರಿನಿಂದ ತೊಳೆದಿದ್ದರು. ಪಕ್ಕದ ಎರಡು ಮತ್ತು ಮೂರನೆಯ ತೊಟ್ಟಿಗಳನ್ನು ಶುದ್ಧಗೊಳಿಸಿರಲಿಲ್ಲ. ಅನಿಲ ಮಾಪಕವನ್ನು ಬಳಸುವ ಬದಲು ಬೆಸುಗೆಗಾರನು ಉರಿಯುತ್ತಿರುವ ಟಾರ್ಚನ್ನು ನಾಲ್ಕನೆಯ ತೊಟ್ಟಿಯೊಳಗೆ ಹಿಡಿದು ಆವಿಯಿಲ್ಲವೆಂದು ಖಚಿತಪಡಿಸಿಕೊಂಡನು. ಆವಿ ಇದ್ದಿದ್ದರೆ ಆ ಪರೀಕ್ಷೆಯೇ ಸ್ಫೋಟಕ್ಕೆ ಕಾರಣವಾಗುತ್ತಿತ್ತು. ಇದು ಅಪಾಯಕಾರಿ ಪದ್ಧತಿ ಎಂಬ ತಿಳಿವಳಿಕೆ ಆತನಿಗಿರಲಿಲ್ಲ.

ತರುವಾಯ ಮೇಲ್ವಿಚಾರಕನೂ ಇಬ್ಬರು ಕೆಲಸಗಾರರೂ ತೊಟ್ಟಿಗಳ ಮೇಲೇರಿ, ಮೂರು ಮತ್ತು ನಾಲ್ಕನೆಯ ತೊಟ್ಟಿಗಳ ನಡುವಿನ ಸುಮಾರು ನಾಲ್ಕು ಅಡಿ ಅಂತರಕ್ಕೆ ಏಣಿಯೊಂದನ್ನು ಅಡ್ಡಲಾಗಿ ಹಾಸಿ ಹಿಡಿದುಕೊಂಡರು. ಬೆಸುಗೆಗಾರನು ಅದರ ಮೇಲೆ ಕುಳಿತು ಕೆಲಸ ಆರಂಭಿಸಿದೊಡನೆಯೇ ಮೂರನೆಯ ತೊಟ್ಟಿಯ ತೆರೆದ ಕೊಳವೆಯಿಂದ ಹೊಮ್ಮುತ್ತಿದ್ದ ಆವಿ ಹೊತ್ತಿಕೊಂಡಿತು. ಜ್ವಾಲೆ ಆ ತೊಟ್ಟಿಯನ್ನು ಹೊಕ್ಕು, ಸಂಪರ್ಕ ಕೊಳವೆಯ ಮೂಲಕ ಎರಡನೆಯ ತೊಟ್ಟಿಯನ್ನೂ ತಲುಪಿತು. ತೊಟ್ಟಿಗಳ ಮುಚ್ಚಳಗಳು ಹಾರಿದವು. ಮೇಲೆ ನಿಂತಿದ್ದ ಮೂವರೂ ಕೆಳಗೆ ಬಿದ್ದು ಮೃತಪಟ್ಟರು. ಸುರಕ್ಷಾ ಪಟ್ಟಿಯನ್ನು ತೊಟ್ಟಿಗೆ ಬಿಗಿದುಕೊಂಡಿದ್ದ ಬೆಸುಗೆಗಾರನು ತೀವ್ರವಾಗಿ ಗಾಯಗೊಂಡರೂ ಬದುಕುಳಿದನು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಶುದ್ಧಗೊಳಿಸಿದ ತೊಟ್ಟಿಯಿಂದ ಅಪಾಯ ಬರಲಿಲ್ಲ. ಯಾರೂ ಮುಟ್ಟದೆ ಬಿಟ್ಟಿದ್ದ ನೆರೆಯ ತೊಟ್ಟಿಯಿಂದ ಬಂದಿತು. ಡೆಲವೇರ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ 2001ರ ಜುಲೈ 17ರಂದು ನಡೆದುದೂ ಇಂತಹುದೇ. ಅಲ್ಲಿ ದುರಸ್ತಿಯಾಗುತ್ತಿದ್ದುದು ತೊಟ್ಟಿಯಲ್ಲ, ತೊಟ್ಟಿಗಳ ಮೇಲಿನ ಕಾಲುದಾರಿ. ಬಳಸಿದ ಗಂಧಕಾಮ್ಲವನ್ನು ತುಂಬಿದ್ದ ತೊಟ್ಟಿಯಲ್ಲಿ ಹೈಡ್ರೋಕಾರ್ಬನ್ ಆವಿಯೂ ಇತ್ತು, ತುಕ್ಕಿನಿಂದಾದ ರಂಧ್ರಗಳೂ ಇದ್ದವು. ಆವಿಗೆ ಕಿಡಿ ತಗುಲಿ ತೊಟ್ಟಿ ಸಿಡಿದು ಒಬ್ಬ ಕಾರ್ಮಿಕನು ಮೃತಪಟ್ಟನು. ಎಂಟು ಮಂದಿ ಗಾಯಗೊಂಡರು.

ಅನಿಲ ಪರೀಕ್ಷೆ: ಸಾಧ್ಯತೆ ಮತ್ತು ಮಿತಿ

ದಹನಶೀಲ ಅನಿಲದ ಮಾಪಕವು ಕೆಳಗಿನ ಸ್ಫೋಟಮಿತಿಯ ಶೇಕಡಾವಾರು ಪ್ರಮಾಣವನ್ನು ತೋರಿಸುತ್ತದೆ. ಪೆಟ್ರೋಲಿನ ಆವಿಗೆ ಹೊಂದಿಸಿದ ಮಾಪಕದಲ್ಲಿ ‘10’ ಎಂದರೆ ಗಾಳಿಯಲ್ಲಿ ಶೇ. 0.14ರಷ್ಟು ಆವಿ. ಈ ಅಂಕಿಯನ್ನು ಮೀರಿದಾಗ ಬೆಂಕಿಯ ಕೆಲಸ ಕೂಡದೆಂಬುದು ವ್ಯಾಪಕವಾಗಿ ಅಂಗೀಕೃತವಾದ ನಿಯಮ. ಆದರೆ ಇದು ಗರಿಷ್ಠ ಮಿತಿಯೇ ಹೊರತು ಗುರಿಯಲ್ಲ. ಗುರಿ ಶೂನ್ಯವೇ ಆಗಿರಬೇಕು.

ಮಾಪಕಕ್ಕೂ ಮಿತಿಗಳಿವೆ. ವೇಗವರ್ಧಕ ಮಣಿಯುಳ್ಳ ಮಾಪಕವು ಆವಿಯನ್ನು ತನ್ನೊಳಗೆ ಸುಟ್ಟು ಅಳೆಯುವುದರಿಂದ ಅದಕ್ಕೆ ಆಮ್ಲಜನಕ ಬೇಕು. ನೈಟ್ರೋಜನ್ ತುಂಬಿದ ತೊಟ್ಟಿಯಲ್ಲಿ ಆವಿ ದಟ್ಟವಾಗಿದ್ದರೂ ಅದು ಕಡಿಮೆ ತೋರಿಸಬಹುದು. ಆದ್ದರಿಂದ ಮೊದಲು ಆಮ್ಲಜನಕ, ಅನಂತರ ದಹನಶೀಲ ಅನಿಲ, ಕೊನೆಗೆ ವಿಷಾನಿಲ ಎಂಬ ಕ್ರಮವನ್ನು ಅನುಸರಿಸಲಾಗುತ್ತದೆ. ಎರಡನೆಯದಾಗಿ, ಒಂದು ಪರೀಕ್ಷೆ ಆ ಸ್ಥಳದ ಆ ಕ್ಷಣದ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಮುಂಜಾನೆ ಶೂನ್ಯ ತೋರಿದ ಸ್ಥಳದಲ್ಲಿ ಬಿಸಿಲೇರಿದ ಮೇಲೆ ಕೆಸರಿನಿಂದ ಆವಿ ಏಳಬಹುದು. ಗಾಳಿಯ ದಿಕ್ಕು ಬದಲಾಗಬಹುದು. ಕೆಲಸ ನಡೆಯುವವರೆಗೂ ಪರೀಕ್ಷೆ ನಡೆಯುತ್ತಿರಬೇಕೆಂಬ ನಿಯಮದ ಕಾರಣ ಇದೇ.

ಬೇರ್ಪಡಿಸುವಿಕೆ ಮತ್ತು ಅನುಮತಿ ಪತ್ರ

ಕೆಲಸದ ಸ್ಥಳವನ್ನು ತೈಲದ ಮೂಲದಿಂದ ಬೇರ್ಪಡಿಸಲು ವಾಲ್ವನ್ನು ಮುಚ್ಚಿದರೆ ಸಾಲದು. ವಾಲ್ವುಗಳು ಸೋರುತ್ತವೆ. ಕೊಳವೆಯನ್ನು ಕಳಚಬೇಕು, ಇಲ್ಲವೇ ಜೋಡಣೆಯ ನಡುವೆ ಉಕ್ಕಿನ ಅಡ್ಡಫಲಕವನ್ನು ಕೂರಿಸಬೇಕು. ಬಳಿಕ ತೊಟ್ಟಿಯನ್ನು ಬರಿದುಮಾಡಿ, ಉಗಿ ಅಥವಾ ನೀರಿನಿಂದ ತೊಳೆದು, ಗಾಳಿಯಾಡಿಸಬೇಕು. ಸುತ್ತಲಿನ ಸುಮಾರು 35 ಅಡಿ, ಅಂದರೆ 11 ಮೀಟರುಗಳೊಳಗಿನ ದಹ್ಯವಸ್ತುಗಳನ್ನು ತೆಗೆಯಬೇಕು ಅಥವಾ ಮುಚ್ಚಬೇಕು. ಕೆಲಸ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಬೆಂಕಿಯ ಕಾವಲು ಇರಬೇಕು. ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ಈ ಜೋಡಣೆಯನ್ನು ಬೋಲ್ಟಿನಿಂದ ಮಾಡಲಾಗದೆ? ಭಾಗವನ್ನು ಕಳಚಿ ದೂರದ ಕಾರ್ಯಾಗಾರಕ್ಕೆ ಒಯ್ಯಲಾಗದೆ?

ಈ ಎಲ್ಲ ಹೆಜ್ಜೆಗಳನ್ನು ಒಂದೆಡೆ ಬಂಧಿಸುವ ಸಾಧನವೇ ಲಿಖಿತ ಅನುಮತಿ ಪತ್ರ. ಆದರೆ ಪತ್ರವಿದ್ದ ಮಾತ್ರಕ್ಕೆ ರಕ್ಷಣೆ ದೊರೆಯದು. ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲನೆಲೆಯಲ್ಲಿ 1988ರ ಜುಲೈ 6ರಂದು 167 ಮಂದಿ ಮಡಿದರು. ಆ ದುರಂತ ಬೆಸುಗೆಯಿಂದಾದುದಲ್ಲ. ದುರಸ್ತಿಯಲ್ಲಿದ್ದ ಪಂಪಿನ ಸುರಕ್ಷಾ ವಾಲ್ವನ್ನು ಕಳಚಿದ್ದ ಮಾಹಿತಿ ಪಾಳಿ ಬದಲಾದಾಗ ಮುಂದಿನವರಿಗೆ ತಲುಪಿರಲಿಲ್ಲ. ಕಾಗದವಿತ್ತು, ಸಂವಹನವಿರಲಿಲ್ಲ.

ಭಾರತದ ಸಂದರ್ಭ

ನಮ್ಮ ದೇಶದ 1948ರ ಕಾರ್ಖಾನೆಗಳ ಅಧಿನಿಯಮವು ತನ್ನ 37ನೆಯ ಪ್ರಕರಣದಲ್ಲಿ, ದಹನಶೀಲ ವಸ್ತುವಿರುವ ಅಥವಾ ಹಿಂದೆ ಇದ್ದ ತೊಟ್ಟಿಗೆ, ಆ ವಸ್ತುವನ್ನೂ ಅದರ ಆವಿಯನ್ನೂ ತೆಗೆಯದೆ ಅಥವಾ ನಿರಪಾಯಗೊಳಿಸದೆ, ಬೆಸುಗೆ ಹಾಕುವುದನ್ನು ನಿಷೇಧಿಸಿತ್ತು. ‘ಹಿಂದೆ ಇದ್ದ’ ಎಂಬ ಮಾತು ಖಾಲಿ ತೊಟ್ಟಿಯ ಅಪಾಯವನ್ನು ಶಾಸನಕರ್ತರು ಅರಿತಿದ್ದುದಕ್ಕೆ ಸಾಕ್ಷಿ. ಸಂಸತ್ತು 2020ರಲ್ಲಿ ಅಂಗೀಕರಿಸಿದ ವೃತ್ತಿ ಸುರಕ್ಷತೆಯ ಸಂಹಿತೆಯಲ್ಲಿ ಈ ಅಧಿನಿಯಮವನ್ನು ವಿಲೀನಗೊಳಿಸಲಾಗಿದೆ. 1986ರಲ್ಲಿ ರೂಪುಗೊಂಡ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯವು ಕೆಲಸದ ಅನುಮತಿ ಪದ್ಧತಿಗೆಂದೇ 105ನೆಯ ಸಂಖ್ಯೆಯ ಮಾನಕವನ್ನು ಪ್ರಕಟಿಸಿದೆ.

ಮಂಗಳೂರಿನ ಶುದ್ಧೀಕರಣಾಗಾರ, ಅಲ್ಲಿಂದ ಹಾಸನದ ಮೂಲಕ ಬೆಂಗಳೂರಿನ ಕಡೆಗೆ ಬರುವ ತೈಲ ಕೊಳವೆಮಾರ್ಗ, ದೇವನಗೊಂದಿಯ ಸಂಗ್ರಹಾಗಾರಗಳು ಇರುವ ಕರ್ನಾಟಕಕ್ಕೆ ಈ ವಿಚಾರ ದೂರದ್ದಲ್ಲ. ಅನುಮತಿ ಪತ್ರದ ಒಕ್ಕಣೆಯನ್ನು ಬೆಸುಗೆಗಾರನಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳದಿದ್ದರೆ ಅದು ಕೇವಲ ಸಹಿಯ ಕಾಗದವಾಗಿ ಉಳಿಯುತ್ತದೆ. ಸುರಕ್ಷತೆಯ ಪರಿಭಾಷೆಯನ್ನು ಕನ್ನಡದಲ್ಲಿ ರೂಪಿಸುವುದು ಈ ದೃಷ್ಟಿಯಿಂದ ಜೀವರಕ್ಷಣೆಯ ಕಾರ್ಯವೂ ಹೌದು.

ಉಪಸಂಹಾರ

ಅಮೆರಿಕದ ರಾಸಾಯನಿಕ ಸುರಕ್ಷತಾ ತನಿಖಾ ಮಂಡಳಿಯು 2010ರಲ್ಲಿ ಇಂತಹ 11 ಅವಘಡಗಳನ್ನು ಪರಿಶೀಲಿಸಿ ಏಳು ಪಾಠಗಳನ್ನು ಮುಂದಿಟ್ಟಿತು: ಬೆಂಕಿಯಿಲ್ಲದ ಪರ್ಯಾಯದ ಬಳಕೆ, ಅಪಾಯದ ವಿಶ್ಲೇಷಣೆ, ವಾತಾವರಣದ ನಿರಂತರ ನಿಗಾ, ಸುತ್ತಲಿನ ಪ್ರದೇಶದ ಪರೀಕ್ಷೆ, ಲಿಖಿತ ಅನುಮತಿ, ತರಬೇತಿ ಮತ್ತು ಗುತ್ತಿಗೆದಾರರ ಮೇಲ್ವಿಚಾರಣೆ. ಇವುಗಳಲ್ಲಿ ಯಾವುದಕ್ಕೂ ದುಬಾರಿ ತಂತ್ರಜ್ಞಾನ ಬೇಕಿಲ್ಲ. ಬೇಕಾದುದು ಕೆಲಸವನ್ನು ತಡಮಾಡಲು ಸಿದ್ಧವಿರುವ ಆಡಳಿತ ಮತ್ತು ಅನುಮಾನ ಬಂದಾಗ ಟಾರ್ಚನ್ನು ಆರಿಸುವ ಅಧಿಕಾರವುಳ್ಳ ಕಾರ್ಮಿಕ. ತೊಟ್ಟಿಯ ಒಳಗೇನಿದೆಯೆಂದು ಬಲ್ಲವರು ಸ್ಥಾವರದವರು; ಅದರ ಮೇಲೆ ನಿಲ್ಲುವವರು ಅನೇಕ ವೇಳೆ ಹೊರಗಿನಿಂದ ಬಂದ ಗುತ್ತಿಗೆ ಕಾರ್ಮಿಕರು. ಬಲ್ಲವರ ಅರಿವು ನಿಲ್ಲುವವರಿಗೆ ಕೆಲಸಕ್ಕೆ ಮೊದಲೇ ತಲುಪಬೇಕಾದುದು ಅತ್ಯಗತ್ಯ.