ನರಗಳಿಗೆ ಹೊದಿಕೆ ಹೊದಿಸುವವರು

ಎನ್.ಆರ್. ಕಾಲೋನಿಯಿಂದ ಪೂರ್ವಕ್ಕೆ, ಲಾಲ್‌ಬಾಗನ್ನು ದಾಟಿ ಹೊಸೂರು ರಸ್ತೆಗೆ ಹೋದರೆ ನಿಮ್ಹಾನ್ಸ್ ಸಂಸ್ಥೆ ಸಿಕ್ಕುತ್ತದೆ. ಅಲ್ಲಿನ ಮಿದುಳು ಸಂಗ್ರಹಾಲಯದಲ್ಲಿ ಸಾಮಾನ್ಯ ಜನರೂ ನಿಜವಾದ ಮಾನವ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಮಿದುಳಿನ ಅಡ್ಡಸೀಳಿನಲ್ಲಿ ಹೊರ ಅಂಚು ಬೂದುಬಣ್ಣವಾಗಿಯೂ ಒಳಭಾಗ ಬೆಳ್ಳಗೂ ತೋರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆ ಬಿಳುಪು ನರಕೋಶಗಳದ್ದಲ್ಲ. ಅವುಗಳ ನೆರವಿಗೆ ನಿಂತಿರುವ ಗ್ಲಿಯಾ ಕೋಶಗಳ ಕೆಲಸ.

ಗ್ಲಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಅಂಟು. ನರಕೋಶಗಳ ನಡುವಣ ವಸ್ತುವನ್ನು ಇಟ್ಟಿಗೆಗಳ ನಡುವಣ ಗಾರೆಯಂತೆ ಭಾವಿಸಿ, ಜರ್ಮನಿಯ ವಿರ್ಚೋ ಎಂಬ ವಿಜ್ಞಾನಿ 1856ರಲ್ಲಿ ಅದಕ್ಕೆ ನ್ಯೂರೋಗ್ಲಿಯಾ ಎಂದು ಹೆಸರಿಟ್ಟನು. ಈ ಹೆಸರು ಆ ಕೋಶಗಳಿಗೆ ಸಲ್ಲದೆಂದೇ ನಮ್ಮ ಅಭಿಪ್ರಾಯ. ನಕ್ಷತ್ರಾಕಾರದ ಆಸ್ಟ್ರೋಸೈಟುಗಳು ನರಕೋಶಗಳ ಸುತ್ತ ಹೆಚ್ಚಾದ ಪೊಟ್ಯಾಸಿಯಮ್ಮನ್ನು ಹೀರಿ ತೆಗೆಯುತ್ತವೆ. ಮೈಕ್ರೋಗ್ಲಿಯಾಗಳು ಸತ್ತ ಕೋಶಗಳನ್ನು ನುಂಗಿ ಶುಚಿಮಾಡುತ್ತವೆ. ಇವು ನರಕೋಶಗಳ ಹತ್ತುಪಟ್ಟು ಇವೆಯೆಂದು ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದವು. 2009ರ ಎಣಿಕೆಯಂತೆ ಮಿದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ. ಉಳಿದ ಕೋಶಗಳೂ ಹೆಚ್ಚುಕಡಿಮೆ ಅಷ್ಟೇ.

ಇನ್ನು ಆ ಬಿಳುಪಿನ ವಿಷಯ. ನರತಂತುವಿನ ಸುತ್ತ ಪದರ ಪದರವಾಗಿ ಸುತ್ತಿಕೊಂಡಿರುವ ಕೊಬ್ಬಿನಂಶದ ಹೊದಿಕೆಗೆ ಮಯಲಿನ್ ಎಂದು ಹೆಸರು. ಮಿದುಳಿನಲ್ಲಿ ಇದನ್ನು ಹೊದಿಸುವುವು ಆಲಿಗೋಡೆಂಡ್ರೋಸೈಟುಗಳು. ಕೈಕಾಲುಗಳ ನರಗಳಲ್ಲಿ ಶ್ವಾನ್ ಕೋಶಗಳು. ಈ ಹೊದಿಕೆಯಿಲ್ಲದ ತಂತುವಿನಲ್ಲಿ ಸುದ್ದಿಯು ಸೆಕೆಂಡಿಗೆ ಸುಮಾರು 1 ಮೀಟರಿನಂತೆ ನಡೆಯುತ್ತದೆ. ಹೊದಿಕೆಯುಳ್ಳ ದಪ್ಪ ತಂತುವಿನಲ್ಲಿ 100 ಮೀಟರಿಗೂ ಮೀರಿ ಓಡಬಲ್ಲುದು. ಕಾಲ್ಬೆರಳು ಕಲ್ಲಿಗೆ ಎಡವಿದಾಗ ಮೊದಲು ಚುರುಕ್ಕೆಂದು, ಕ್ಷಣದ ಬಳಿಕ ಇನ್ನೊಂದು ಮಂದವಾದ ನೋವು ಬರುವುದನ್ನು ಯಾರು ಅರಿಯರು? ಮೊದಲನೆಯದು ತೆಳುವಾದರೂ ಹೊದಿಕೆಯುಳ್ಳ ತಂತುವಿನ ವರದಿ. ಎರಡನೆಯದು ಬರಿಯ ತಂತುವಿನದು.

ಶ್ವಾನ್ ಕೋಶಗಳ ಬೆಲೆ ನಮ್ಮ ನಾಡಿಗೆ ತಿಳಿದದ್ದು ಕುಷ್ಠರೋಗದಿಂದ. 1873ರಲ್ಲಿ ನಾರ್ವೆಯ ಹಾನ್ಸೆನ್ ಕಂಡುಹಿಡಿದ ಆ ರೋಗಾಣು ಹೊಕ್ಕು ನೆಲೆಸುವುದು ಈ ಕೋಶಗಳಲ್ಲಿಯೇ. ತಂಪಾದ ಎಡೆಗಳೇ ಅದಕ್ಕೆ ಪ್ರಿಯ. ಆದುದರಿಂದ ಚರ್ಮದ ಹತ್ತಿರ ಹಾಯುವ ಮೊಣಕೈಯ ನರ ಮೊದಲೇ ದಪ್ಪಗಾಗುವುದುಂಟು. ಕಿರುಬೆರಳು, ಉಂಗುರಬೆರಳುಗಳಲ್ಲಿ ಅರಿವು ತಪ್ಪಿ ಅವು ಮಡಿಚಿಕೊಳ್ಳುತ್ತವೆ. ಬಿಸಿ ಪಾತ್ರೆ ಸುಟ್ಟರೂ ರೋಗಿಗೆ ತಿಳಿಯದು. ಬೆರಳುಗಳು ತಾವಾಗಿ ಕೊಳೆತು ಬೀಳುತ್ತವೆಂಬ ನಂಬಿಕೆ ಸುಳ್ಳು. ನೋವಿಲ್ಲದ್ದರಿಂದ ಆರೈಕೆಯಿಲ್ಲದೆ ಹೋದ ಗಾಯಗಳೇ ಅವನ್ನು ಕೆಡಿಸುವುವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದ ಬಹು ಔಷಧ ಚಿಕಿತ್ಸೆ ರೋಗಾಣುವನ್ನು ಕೊಲ್ಲುತ್ತದೆ. ಆದರೆ ತಡವಾದಲ್ಲಿ, ಹೋದ ಸ್ಪರ್ಶಜ್ಞಾನ ಅನೇಕ ವೇಳೆ ಮರಳುವುದಿಲ್ಲ.

ಸೋಜಿಗವೇನೆಂದರೆ, ಗಾಯದಿಂದ ತುಂಡಾದ ಕೈಯ ನರಕ್ಕೆ ದಾರಿ ತೋರುವುವೂ ಇವೇ ಶ್ವಾನ್ ಕೋಶಗಳು. ಅವು ಸಾಲಾಗಿ ನಿಂತು ಮಾಡಿದ ಕೊಳವೆಯೊಳಗೆ ಹೊಸ ತಂತು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುತ್ತದೆ. ಬೆನ್ನುಹುರಿ ತುಂಡಾದರೆ ಹೀಗಾಗದು. ಅಲ್ಲಿ ಆಲಿಗೋಡೆಂಡ್ರೋಸೈಟುಗಳ ಮಯಲಿನ್ನಿನಲ್ಲಿರುವ ಕೆಲವು ಪ್ರೋಟೀನುಗಳು ಬೆಳೆಯುವ ತಂತುವನ್ನು ತಡೆಯುತ್ತವೆ. ಆ ತಡೆಯನ್ನು ಸಡಿಲಿಸುವ ಔಷಧಕ್ಕಾಗಿ ಪ್ರಯೋಗಗಳು ನಡೆದಿವೆ.